ಉಣ್ಣುವುದನ್ನು ಮರಳಿ ಕಲಿಯುವ ಕಾಲ

ಉಣ್ಣುವುದನ್ನು ತಾನು ಯಾವಾಗ ಕಲಿತೆನೆಂಬುದು ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ. ಅಕ್ಷರ ತಿದ್ದಿಸಿದ ಗುರುಗಳ ಮುಖ ನೆನಪಿರುತ್ತದೆ, ಈಜು ಕಲಿತ ಬಾವಿ ನೆನಪಿರುತ್ತದೆ. ಆದರೆ ಅಗಿಯುವುದು, ನುಂಗುವುದು, ಸಾಕೆನ್ನುವುದು ಎಂಬೀ ಕಾರ್ಯಗಳು ಬುದ್ಧಿ ತಿಳಿಯುವುದಕ್ಕೆ ಮೊದಲೇ ದೇಹಕ್ಕೆ ರೂಢಿಯಾಗಿ, ಆಮೇಲೆ ಮನಸ್ಸಿನ ಮೇಲ್ವಿಚಾರಣೆಯಿಲ್ಲದೆಯೇ ಆಜೀವಪರ್ಯಂತ ನಡೆದುಕೊಂಡು ಹೋಗುತ್ತವೆ. ಹೀಗೆ ಆಳವಾಗಿ ಬೇರೂರಿದ ಈ ಅಭ್ಯಾಸವನ್ನು ನಲವತ್ತನೆಯ ಅಥವಾ ಐವತ್ತನೆಯ ವಯಸ್ಸಿನಲ್ಲಿ ಬಿಟ್ಟುಕೊಟ್ಟು, ಮೊದಲಿನಿಂದ, ಪ್ರಜ್ಞಾಪೂರ್ವಕವಾಗಿ, ಒಂದೊಂದು ತುತ್ತಿನಲ್ಲಿಯೂ ಎಚ್ಚರವಿಟ್ಟು ಕಲಿಯಬೇಕಾಗಿ ಬಂದ ಜನರು ಈಚಿನ ದಶಕಗಳಲ್ಲಿ ನಮ್ಮ ನಡುವೆ ಹೆಚ್ಚುತ್ತಿದ್ದಾರೆ. ಅತಿಸ್ಥೌಲ್ಯದ ನಿವಾರಣೆಗಾಗಿ ಜಠರದ ಶಸ್ತ್ರಚಿಕಿತ್ಸೆಗೆ ಒಳಗಾದವರು ಇವರು. ಶಸ್ತ್ರವೈದ್ಯರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ; ರೋಗಿಯ ಕೆಲಸ ಅಂದು ಆರಂಭವಾಗುತ್ತದೆ. ಆ ಕೆಲಸವು ರೋಗಿಯೊಬ್ಬರದೇ ಅಲ್ಲ, ಅವರಿಗೆ ಬಡಿಸುವವರದೂ ಅವರೊಡನೆ ಪಂಕ್ತಿಯಲ್ಲಿ ಕುಳಿತುಕೊಳ್ಳುವವರದೂ ಹೌದೆಂಬುದನ್ನು ನಮ್ಮ ಸಮಾಜ ಇನ್ನೂ ಸರಿಯಾಗಿ ಮನಗಂಡಂತೆ ತೋರುವುದಿಲ್ಲ. ಈ ಬರಹಕ್ಕೆ ಅದೇ ಪ್ರೇರಣೆ.

ಮೊದಲು ಶಸ್ತ್ರಕ್ರಿಯೆಯ ಸ್ವರೂಪವನ್ನು ಸಂಕ್ಷೇಪವಾಗಿ ನೋಡುವುದು ಲೇಸು. ವಯಸ್ಕರ ಜಠರವು ಊಟದ ವೇಳೆಯಲ್ಲಿ ಹಿಗ್ಗಿ ಸುಮಾರು 1ರಿಂದ 1.5 ಲೀಟರಿನಷ್ಟು ಆಹಾರಪಾನೀಯಗಳನ್ನು ತನ್ನೊಳಗೆ ಇರಿಸಿಕೊಳ್ಳಬಲ್ಲುದು. ಇಂದು ಬಹಳವಾಗಿ ಪ್ರಚಾರದಲ್ಲಿರುವ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ವಿಧಾನದಲ್ಲಿ ಅದರ ಮುಕ್ಕಾಲು ಪಾಲಿನಷ್ಟನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದುದನ್ನು ಸ್ಟೇಪಲ್‌ಗಳಿಂದ ಬಿಗಿದು, 100ರಿಂದ 150 ಮಿಲಿಲೀಟರ್ ಹಿಡಿಯುವ ಕಿರಿದಾದ ನಳಿಕೆಯನ್ನಾಗಿ ಮಾಡುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮೇಲುತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಕೋಶವೊಂದನ್ನು ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುವುದರಿಂದ, ಆಹಾರವು ಜಠರದ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆಯೇ ಮುಂದೆ ಸಾಗುತ್ತದೆ. ಈ ಎರಡನೆಯ ಕ್ರಮಕ್ಕೆ 1960ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಅಡಿಪಾಯ ಹಾಕಿದರು. ಹುಣ್ಣಿನ ಕಾರಣದಿಂದ ಜಠರದ ಭಾಗವನ್ನು ಕಳೆದುಕೊಂಡ ರೋಗಿಗಳು ತೂಕವಿಳಿದು ಹಾಗೆಯೇ ತೆಳ್ಳಗೆ ಉಳಿಯುತ್ತಾರೆಂಬ ಹಳೆಯ ಅನುಭವವೇ ಅವರಿಗೆ ಸೂಚನೆಯಾಯಿತು. ಕರುಳನ್ನು ಜೋಡಿಸುವ ಕೌಶಲವು ಅದಕ್ಕಿಂತಲೂ ಹಿಂದಿನದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿದ್ದ ಸೀಸರ್ ರೂ ಎಂಬವರ ಹೆಸರು ಇಂದಿಗೂ ಆ ಜೋಡಣೆಗೆ ಅಂಟಿಕೊಂಡಿದೆ. 1990ರ ದಶಕದಿಂದೀಚೆಗೆ ಇವೆಲ್ಲವೂ ಹೊಟ್ಟೆಯ ಮೇಲಿನ ನಾಲ್ಕಾರು ಸಣ್ಣ ರಂಧ್ರಗಳ ಮೂಲಕವೇ ನಡೆಯತೊಡಗಿ, ರೋಗಿಯು ಕೆಲವೇ ದಿನಗಳಲ್ಲಿ ಮನೆಗೆ ನಡೆದು ಬರುವಂತಾಯಿತು.

ಇಲ್ಲಿ ಸ್ಥಳಸಂಕೋಚವೊಂದೇ ಪ್ರಧಾನವೆಂದು ತಿಳಿಯುವುದು ಸರಿಯಲ್ಲ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಘ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಮೆದುಳಿಗೆ ಹಸಿವೆಯ ಸಂದೇಶವನ್ನು ಒಯ್ಯುವ ಈ ವಸ್ತುವು ಹೆಚ್ಚಾಗಿ ಜಠರದ ಮೇಲ್ಭಾಗದಲ್ಲಿ ಉತ್ಪನ್ನವಾಗುತ್ತದೆ; ಸ್ಲೀವ್ ವಿಧಾನದಲ್ಲಿ ತೆಗೆದುಹಾಕುವುದು ಆ ಭಾಗವನ್ನೇ. ಬೈಪಾಸಿನ ಅನಂತರ ಕರುಳಿನಿಂದ ಹೊರಡುವ, ತೃಪ್ತಿಯನ್ನು ಸೂಚಿಸುವ ಹಾರ್ಮೋನುಗಳು ಅಧಿಕವಾಗುತ್ತವೆ. ಆದಕಾರಣ ಶಸ್ತ್ರಚಿಕಿತ್ಸೆಯ ಮುಂದಿನ ತಿಂಗಳುಗಳಲ್ಲಿ ರೋಗಿಯು ಹಸಿದು ಹಸಿದು ಕೃಶನಾಗುತ್ತಿರುವುದಿಲ್ಲ. ಬಹುಮಂದಿಗೆ ಹಸಿವೆಯೇ ತೋರುವುದಿಲ್ಲ. ಬಾಯಿಕಟ್ಟಲಾರದವರು ಹೊಟ್ಟೆ ಕೊಯ್ಯಿಸಿಕೊಳ್ಳುತ್ತಾರೆಂದು ಹಗುರವಾಗಿ ಆಡುವವರು ಈ ವಿಷಯವನ್ನು ಗಮನಿಸಬೇಕು. ಅತಿಸ್ಥೌಲ್ಯವು ಹಸಿವೆ ತೃಪ್ತಿಗಳ ದೇಹನಿಯಮವೇ ಕೆಟ್ಟುಹೋದ ಒಂದು ವ್ಯಾಧಿ. ವರ್ಷಾನುಗಟ್ಟಲೆ ಪಥ್ಯ ಮಾಡಿ, ಇಳಿಸಿ, ಮರಳಿ ಏರಿಸಿಕೊಂಡು, ಸಕ್ಕರೆಕಾಯಿಲೆ ಮೊಣಕಾಲುನೋವು ನಿದ್ರೆಯಲ್ಲಿನ ಉಸಿರುಗಟ್ಟುವಿಕೆಗಳಿಂದ ಬಳಲಿದ ಮೇಲೆಯೇ ಜನ ಈ ನಿರ್ಧಾರಕ್ಕೆ ಬರುತ್ತಾರೆ. ವೈದ್ಯರೂ ಸುಲಭವಾಗಿ ಒಪ್ಪುವುದಿಲ್ಲ. ದೇಹತೂಕದ ಸೂಚ್ಯಂಕವು 40ಕ್ಕೆ ಮೀರಿರಬೇಕು, ಇಲ್ಲವೆ 35ಕ್ಕೆ ಮೀರಿ ಜೊತೆಗೆ ಬೇರೆ ವ್ಯಾಧಿಗಳಿರಬೇಕೆಂದು 1991ರಲ್ಲಿ ಅಮೆರಿಕದ ತಜ್ಞರು ವಿಧಿಸಿದರು. ನಮ್ಮವರ ದೇಹದಲ್ಲಿ ಕಡಿಮೆ ತೂಕಕ್ಕೇ ಮೇದಸ್ಸು ಹೆಚ್ಚಿ ಸಕ್ಕರೆಕಾಯಿಲೆ ಬೇಗ ತಲೆದೋರುವುದರಿಂದ ಈ ಮಿತಿಗಳನ್ನು ಇಲ್ಲಿ ತಗ್ಗಿಸಿ ಅನ್ವಯಿಸುವುದುಂಟು.

ಇನ್ನು ಊಟದ ವಿಚಾರಕ್ಕೆ ಬರೋಣ. ಮೊದಲ ಒಂದೆರಡು ದಿನ ತಿಳಿದ್ರವ ಮಾತ್ರ: ನೀರು, ಎಳನೀರು, ಸೋಸಿದ ತಿಳಿಸಾರು. ಅದನ್ನೂ ಲೋಟವೆತ್ತಿ ಕುಡಿಯುವಂತಿಲ್ಲ. ಗುಟುಕು ಗುಟುಕಾಗಿ, ನಡುನಡುವೆ ಬಿಡುವು ಕೊಟ್ಟು, ದಿನವೆಲ್ಲ ಕುಳಿತು, ಕ್ರಮೇಣ ಒಂದೂವರೆ ಲೀಟರಿನ ಗುರಿಯನ್ನು ಮುಟ್ಟಬೇಕು. ಬಾಯಾರಿ ಬಂದು ಚೊಂಬನ್ನೆತ್ತಿ ಗಟಗಟನೆ ಕುಡಿಯುವ ಸುಖವು ಅಂದಿಗೆ ಮುಗಿಯಿತೆಂದೇ ಹೇಳಬೇಕು. ಸುಮಾರು ಎರಡು ವಾರ ಬೇಳೆಕಟ್ಟು, ನೀರುಮಜ್ಜಿಗೆ, ಹಾಲು, ತೆಳುವಾದ ಅಂಬಲಿ; ಅನಂತರ ಮತ್ತೆರಡು ವಾರ ನುಣ್ಣಗೆ ಅರೆದ ಅಥವಾ ಕಿವುಚಿದ ಆಹಾರ; ಆಮೇಲೆ ಮೆತ್ತಗೆ ಬೇಯಿಸಿದ ಪದಾರ್ಥ; ಆರರಿಂದ ಎಂಟು ವಾರಗಳಾದ ತರುವಾಯ ಮನೆಯ ಸಾಮಾನ್ಯ ಅಡುಗೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ಲೆಕ್ಕ ಕೊಂಚ ವ್ಯತ್ಯಾಸವಾಗುವುದುಂಟಾದುದರಿಂದ, ತಮಗೆ ಬರೆದುಕೊಟ್ಟ ಚೀಟಿಯೇ ಪ್ರಮಾಣವೆಂದು ನಡೆದುಕೊಳ್ಳಬೇಕು. ಕ್ರಮವಾದರೋ ಎಲ್ಲೆಡೆಯೂ ಒಂದೇ, ಅದರ ಕಾರಣವೂ ಒಂದೇ: ಹೊಲಿಗೆಯುದ್ದಕ್ಕೂ ಜಠರದ ಭಿತ್ತಿ ಕೂಡಿಕೊಳ್ಳಬೇಕು, ಅಷ್ಟರೊಳಗೆ ಅದರ ಮೇಲೆ ಒತ್ತಡ ಬೀಳಬಾರದು. ಆರನೆಯ ತಿಂಗಳಿನಲ್ಲಿ ಅನ್ನಪ್ರಾಶನವಾದ ಕೂಸು ಎದೆಹಾಲಿನಿಂದ ರಾಗಿಸರಿಗೆ, ಅಲ್ಲಿಂದ ಕಿವುಚಿದ ಅನ್ನಕ್ಕೆ, ಅಲ್ಲಿಂದ ತಟ್ಟೆಯ ಊಟಕ್ಕೆ ಒಂದು ವರ್ಷದಲ್ಲಿ ನಡೆಯುವ ದಾರಿಯನ್ನೇ ಇವರು ಎರಡು ತಿಂಗಳಲ್ಲಿ ನಡೆಯುತ್ತಾರೆ. ಕೂಸಿಗೆ ಹಿಂದಿನ ಊಟದ ನೆನಪಿಲ್ಲ, ಇವರಿಗೆ ಇದೆ, ಭೇದವಿರುವುದು ಅಲ್ಲಿ.

ಈ ದಿನಗಳಲ್ಲಿ ಮನೆಯವರ ಕಳವಳವು ರೋಗಿಯ ಕಷ್ಟಕ್ಕಿಂತ ಹೆಚ್ಚಾಗಿರುವುದನ್ನು ಕಾಣುತ್ತೇವೆ. ಶಸ್ತ್ರಚಿಕಿತ್ಸೆಯಾದವರಿಗೆ ಬಲ ಬರುವಂತೆ ಉಣ್ಣಿಸಬೇಕೆಂಬುದು ನಮ್ಮ ತಾಯಂದಿರ ಅನಾದಿಕಾಲದ ನಂಬಿಕೆ. ಆ ನಂಬಿಕೆಯಲ್ಲಿ ಪ್ರೀತಿಯಿದೆ, ಅನುಭವವೂ ಇದೆ. ಆದರೆ ಎರಡನೆಯ ವಾರದಲ್ಲಿ, ಬರಿಯ ಕಟ್ಟು ಕುಡಿದು ಮಗಳು ಸೊರಗುತ್ತಿದ್ದಾಳೆಂದು ಮರುಗಿ ಎರಡು ಇಡ್ಲಿಯನ್ನು ತಟ್ಟೆಗೆ ಹಾಕಿ ಮುಂದಿಡುವ ತಾಯಿಯು ಅಪಾಯವನ್ನೇ ಬಡಿಸುತ್ತಿರುತ್ತಾಳೆಂಬುದನ್ನು ಆಕೆಗೆ ಯಾರಾದರೂ ಮುಂಚೆಯೇ ಬಿಡಿಸಿ ಹೇಳಿರಬೇಕು. ಶಸ್ತ್ರಕ್ರಿಯೆಗೆ ಮೊದಲು ಪಥ್ಯತಜ್ಞರು ರೋಗಿಯನ್ನು ಕೂರಿಸಿಕೊಂಡು ಮಾತನಾಡುವಾಗ ಅಡುಗೆಯ ಹೊಣೆ ಹೊತ್ತವರನ್ನೂ ಜೊತೆಗೆ ಕರೆದುಕೊಂಡು ಹೋಗುವುದು, ನನ್ನ ದೃಷ್ಟಿಯಲ್ಲಿ, ಔಷಧಿಯಷ್ಟೇ ಅವಶ್ಯವಾದ ಕಾರ್ಯ. ಈ ಅವಧಿಯಲ್ಲಿ ಜ್ವರ ಬಂದರೆ, ನಾಡಿ ವೇಗವಾಗಿ ಹೊಡೆಯತೊಡಗಿದರೆ, ಹೊಟ್ಟೆಯಲ್ಲಾಗಲಿ ಎಡಭುಜದಲ್ಲಾಗಲಿ ತೀವ್ರವಾದ ನೋವು ಕಾಣಿಸಿದರೆ ಹೊಲಿಗೆ ಸೋರುತ್ತಿರಬಹುದೆಂದು ಶಂಕಿಸಿ ತಕ್ಷಣ ಆಸ್ಪತ್ರೆಗೆ ಧಾವಿಸಬೇಕೆಂಬುದನ್ನೂ ಅವರು ತಿಳಿದಿರುವುದು ಒಳ್ಳೆಯದು.

ಘನಾಹಾರ ಆರಂಭವಾದಾಗಲೇ ನಿಜವಾದ ಶಿಕ್ಷಣ ಪ್ರಾರಂಭವಾಗುವುದು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ರಾಗಿಮುದ್ದೆಯನ್ನು ಅಗಿಯುವ ಪದ್ಧತಿಯಿಲ್ಲವೆಂಬುದು ಎಲ್ಲರಿಗೂ ಗೊತ್ತು. ಬೆರಳಲ್ಲಿ ಮುರಿದು, ಸೊಪ್ಪಿನ ಸಾರಿನಲ್ಲೋ ಬಸ್ಸಾರಿನಲ್ಲೋ ಅದ್ದಿ, ಹಾಗೆಯೇ ಗಂಟಲಿಗಿಳಿಸುವುದೇ ಅದರ ಕ್ರಮ. ಮುದ್ದೆಯನ್ನು ಅಗಿದು ತಿನ್ನುವವನನ್ನು ಕಂಡು ಊರಿಗೆ ಹೊಸಬನೆಂದು ಗುರುತಿಸುವವರಿದ್ದಾರೆ. ಹಿಗ್ಗಬಲ್ಲ ಜಠರವಿರುವಾಗ ಇದರಿಂದ ಬಾಧೆಯಿಲ್ಲ. ಹಲ್ಲು ಮಾಡದ ಕೆಲಸವನ್ನು ಜಠರದ ಸ್ನಾಯುಗಳು ಮಾಡುತ್ತವೆ. ಆದರೆ ಕಿರಿದಾದ ನಳಿಕೆಯಾಗಿ ಉಳಿದ ಜಠರಕ್ಕೆ ಆ ವಿಸ್ತಾರವಿಲ್ಲ. ಅಗಿಯದ ತುತ್ತು ಅನ್ನನಾಳದ ಕೆಳತುದಿಯಲ್ಲಿ ತಡೆದು ನಿಂತರೆ ಎದೆಯ ನಡುವೆ ಬಿಗಿತ, ಬಾಯಿತುಂಬ ನೊರೆನೊರೆಯಾದ ಲಾಲಾರಸ, ಕೊನೆಗೆ ವಾಂತಿ. ಆದುದರಿಂದ ತುತ್ತು ಬಟಾಣಿಕಾಳಿನ ಗಾತ್ರವನ್ನು ಮೀರಬಾರದು, ಒಂದೊಂದನ್ನೂ ಇಪ್ಪತ್ತು ಮೂವತ್ತು ಸಲ ಅಗಿದು ದ್ರವಪ್ರಾಯ ಮಾಡಿಕೊಳ್ಳಬೇಕು, ಅದು ಇಳಿದ ಮೇಲೆ ಇನ್ನೊಂದನ್ನು ಎತ್ತಬೇಕು. ಅರ್ಧ ಬಟ್ಟಲಿನ ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ. ಹೊಲದ ಕೆಲಸದ ನಡುವೆ ಹತ್ತು ನಿಮಿಷದಲ್ಲಿ ಎರಡು ಮುದ್ದೆಯನ್ನು ಮುಗಿಸಿ ಏಳುತ್ತಿದ್ದವರಿಗೆ ಇದು ಎಂಥ ಪರಿವರ್ತನೆಯೆಂಬುದನ್ನು ಊಹಿಸಿಕೊಳ್ಳಬಹುದು. ರಾಗಿಯನ್ನು ಅವರು ಬಿಡಬೇಕಾಗಿಲ್ಲ. ಮೊದಮೊದಲು ಮಜ್ಜಿಗೆ ಬೆರೆಸಿದ ಅಂಬಲಿಯಾಗಿ, ಆಮೇಲೆ ತೆಳ್ಳನೆಯ ರೊಟ್ಟಿಯನ್ನು ಚೆನ್ನಾಗಿ ಅಗಿದು ತಿನ್ನುವುದರ ಮೂಲಕ, ಅದು ಅವರೊಡನೆಯೇ ಉಳಿಯುತ್ತದೆ.

ಎಲ್ಲರಿಗೂ ಎಲ್ಲವೂ ಒಗ್ಗುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅನ್ನ ಮೆತ್ತಗಿದ್ದರೂ ಒಳಗೆ ಮುದ್ದೆಗಟ್ಟಿ ಕೆಲವರನ್ನು ಬಾಧಿಸುತ್ತದೆ. ಹೊಸ ಬ್ರೆಡ್ಡು, ದಪ್ಪ ಚಪಾತಿ, ನಾರುನಾರಾದ ಮಾಂಸ ಇವೂ ಹಾಗೆಯೇ. ಒಣಗಿದ ಕೋಳಿಯ ತುಂಡು ತಡೆದು ನಿಲ್ಲುವಲ್ಲಿ ಬೇಯಿಸಿದ ಮೀನು ಸುಖವಾಗಿ ಇಳಿಯುವುದುಂಟು. ನಿನ್ನೆ ಹಿತವಾದುದು ಇಂದು ಹಿತವಾಗದಿರಬಹುದು. ಇದಕ್ಕಿಂತ ವಿಚಿತ್ರವಾದುದು ತೃಪ್ತಿಯ ಸೂಚನೆಯು ಸ್ಥಳಾಂತರಗೊಳ್ಳುವುದು. ಮೊದಲು ಹೊಟ್ಟೆ ಭಾರವಾದಾಗ ಸಾಕೆನಿಸುತ್ತಿದ್ದವರಿಗೆ ಈಗ ಎದೆಗೂಡಿನ ಕೆಳಗೆ ಸಣ್ಣದೊಂದು ಒತ್ತಡವಾಗಿ ಆ ಸೂಚನೆ ಬರುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಕೆಲವರಿಗೆ ಮೂಗಿನಲ್ಲಿ ನೀರು. ಈ ಹೊಸ ಸಂಕೇತವನ್ನು ಗುರುತಿಸಿ, ಅದು ಬಂದ ಕ್ಷಣದಲ್ಲಿ, ಕೈಯಲ್ಲಿರುವ ತುತ್ತನ್ನು ತಟ್ಟೆಗೆ ಮರಳಿ ಇಡಲು ಕಲಿತವರು ಅರ್ಧ ವಿದ್ಯೆಯನ್ನು ಕಲಿತಂತೆ. ತಟ್ಟೆಯಲ್ಲಿ ಅನ್ನ ಬಿಡಬಾರದೆಂದು ಬಾಲ್ಯದಿಂದ ಕೇಳಿ ಬೆಳೆದವರಿಗೆ ಆ ಒಂದು ತುತ್ತನ್ನು ಬಿಡುವುದು ಪಾಪದಂತೆ ಭಾಸವಾಗುತ್ತದೆ. ಮೊದಲೇ ಕಡಿಮೆ ಬಡಿಸಿಕೊಳ್ಳುವುದೇ ಅದಕ್ಕಿರುವ ಪರಿಹಾರ. ಬಿಟ್ಟರೆ ಬಿಡಲಿ, ಅದರಲ್ಲಿ ದೋಷವಿಲ್ಲ.

ಊಟದೊಡನೆ ನೀರು ಕುಡಿಯಬಾರದು, ಉಂಡ ಮೇಲೆ ಅರ್ಧ ಗಂಟೆ ಕಳೆಯಬೇಕು ಎಂಬ ನಿಯಮವು ನಮ್ಮವರನ್ನು ಇತರರಿಗಿಂತ ಹೆಚ್ಚಾಗಿ ಕಾಡುತ್ತದೆ. ಏಕೆಂದರೆ ನಮ್ಮ ಊಟವೇ ದ್ರವಪ್ರಧಾನವಾದುದು. ಸಾರನ್ನ, ಹುಳಿಯನ್ನ, ಮಜ್ಜಿಗೆಯನ್ನ ಎಂದು ಒಂದೊಂದು ಸುತ್ತೂ ಕಲಸಿದಂತೆ ಜಾರಿಹೋಗುತ್ತದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಕುಕ್ಷಿಯನ್ನು ಮೂರು ಭಾಗವಾಗಿ ಎಣಿಸಿ, ಒಂದನ್ನು ಘನಾಹಾರಕ್ಕೂ ಒಂದನ್ನು ದ್ರವಕ್ಕೂ ಒಂದನ್ನು ವಾತಪಿತ್ತಕಫಗಳ ಸಂಚಾರಕ್ಕೂ ಬಿಡಬೇಕೆಂದು ವಿಧಿಸಿದೆ. ಅತಿವೇಗವನ್ನೂ ಅತಿವಿಳಂಬವನ್ನೂ ತೊರೆದು, ಮಾತು ನಗೆಗಳಿಲ್ಲದೆ, ಊಟದಲ್ಲಿಯೇ ಮನಸ್ಸನ್ನಿಟ್ಟು ಉಣ್ಣಬೇಕೆಂದೂ ಅಲ್ಲಿಯೇ ಹೇಳಿದೆ. ಈ ಎರಡನೆಯ ಮಾತು ಶಸ್ತ್ರಚಿಕಿತ್ಸೆಯಾದವರಿಗೆ ಅಕ್ಷರಶಃ ಅನ್ವಯಿಸುತ್ತದೆ. ಮೊದಲನೆಯದು ಮಾತ್ರ ಬದಲಾಗಬೇಕು: ಅವರ ಕುಕ್ಷಿಯಲ್ಲಿ ಘನಕ್ಕೂ ದ್ರವಕ್ಕೂ ಏಕಕಾಲದಲ್ಲಿ ಸ್ಥಳವಿಲ್ಲದಿರುವುದರಿಂದ, ಪ್ರಾಚೀನರು ಸ್ಥಳದಲ್ಲಿ ಮಾಡಿದ ವಿಭಾಗವನ್ನು ಇವರು ಕಾಲದಲ್ಲಿ ಮಾಡಿಕೊಳ್ಳಬೇಕಾಗಿದೆ. ಮೇಲಾಗಿ, ದ್ರವವು ಆಹಾರವನ್ನು ಬೇಗನೆ ಕೆಳಕ್ಕೆ ಒಯ್ಯುವುದರಿಂದ ತೃಪ್ತಿ ನಿಲ್ಲುವುದಿಲ್ಲ. ಸುಲಭವಾಗಿ ಜಾರುವ ಪದಾರ್ಥಗಳೇ, ಅಂದರೆ ಐಸ್‌ಕ್ರೀಮು, ಬಿಸ್ಕತ್ತನ್ನು ಅದ್ದಿದ ಕಾಫಿ, ಪಾಯಸ, ಹಣ್ಣಿನ ರಸ ಇಂಥವೇ, ಮುಂದೆ ತೂಕ ಮರಳಿ ಏರುವುದಕ್ಕೆ ದಾರಿಮಾಡಿಕೊಡುವುವು. ಇಳಿಯಲು ಕಷ್ಟಕೊಡುವ ಹೆಸರುಕಾಳಿನ ಉಸಲಿಗಿಂತ ಕಷ್ಟವಿಲ್ಲದೆ ಇಳಿಯುವ ಪಾಯಸಕ್ಕೆ ಹೆಚ್ಚು ಅಂಜಬೇಕು.

ಬಾಳೆಯೆಲೆಯ ಊಟದಲ್ಲಿ ಕೋಸಂಬರಿ ಪಲ್ಯಗಳು ಅಂಚಿನಲ್ಲಿರುತ್ತವೆ, ಅನ್ನ ನಡುವೆ ರಾಶಿಯಾಗಿರುತ್ತದೆ. ಇವರ ಊಟದಲ್ಲಿ ಅಂಚಿನದು ನಡುವಿಗೆ ಬರಬೇಕು. ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆಂಬುದು ವೈದ್ಯರ ಗಣನೆ. ಇಲ್ಲದಿದ್ದರೆ ಕರಗುವುದು ಮೇದಸ್ಸು ಮಾತ್ರವಲ್ಲ, ಮಾಂಸಖಂಡವೂ ಕರಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಪನೀರಿನಲ್ಲಿ 18 ಗ್ರಾಂ, ಸಣ್ಣ ಬಟ್ಟಲಿನ ತೊವ್ವೆಯಲ್ಲಿ 6 ಅಥವಾ 7 ಗ್ರಾಂ, ನೂರು ಗ್ರಾಂ ಮೊಸರಿನಲ್ಲಿ 3ರಿಂದ 4 ಗ್ರಾಂ. ಒಂದು ಹೊತ್ತಿಗೆ ಅರ್ಧ ಬಟ್ಟಲಷ್ಟೇ ಹಿಡಿಯುವ ಹೊಟ್ಟೆಗೆ, ಅದರಲ್ಲಿಯೂ ಸಸ್ಯಾಹಾರಿಗಳಿಗೆ, ಈ ಲೆಕ್ಕ ಸುಲಭವಾಗಿ ಕೂಡಿಬರುವುದಿಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಆದಕಾರಣವೇ ಬೇಳೆ, ಮೊಟ್ಟೆ, ಪನೀರು, ಮೀನುಗಳನ್ನು ಮೊದಲು ತಿಂದು, ಆಮೇಲೆ ತರಕಾರಿ, ಸ್ಥಳ ಉಳಿದರೆ ಮಾತ್ರ ಅನ್ನ ಎಂಬ ಕ್ರಮವನ್ನು ಹೇಳುವುದು. ಆದಕಾರಣವೇ ಮೊದಲ ತಿಂಗಳುಗಳಲ್ಲಿ ಪ್ರೋಟೀನಿನ ಪುಡಿಯನ್ನು ಹಾಲಿಗೋ ಮಜ್ಜಿಗೆಗೋ ಬೆರೆಸಿ ಕುಡಿಯಲು ಕೊಡುವುದು. ಅನ್ನವಿಲ್ಲದೆ ಊಟವೆನಿಸದವರಿಗೆ ಕೊನೆಯಲ್ಲಿ ಎರಡು ಚಮಚೆ ಮೊಸರನ್ನ ಉಣ್ಣಲು ಯಾರ ಅಡ್ಡಿಯೂ ಇಲ್ಲ.

ಸಿಹಿಯ ವಿಷಯದಲ್ಲಿ ದೇಹವೇ ಶಾಸನವನ್ನು ವಿಧಿಸುತ್ತದೆ, ವಿಶೇಷವಾಗಿ ಬೈಪಾಸ್ ಆದವರಲ್ಲಿ. ಸಕ್ಕರೆಯ ಪದಾರ್ಥ ಸಣ್ಣ ಕರುಳಿಗೆ ಒಮ್ಮೆಲೇ ನುಗ್ಗಿದಾಗ ರಕ್ತದಲ್ಲಿನ ನೀರು ಕರುಳಿಗೆ ಸೆಳೆಯಲ್ಪಟ್ಟು, ಹತ್ತರಿಂದ ಮೂವತ್ತು ನಿಮಿಷದೊಳಗೆ ಬೆವರು, ಎದೆಬಡಿತ, ಹೊಟ್ಟೆನುಲಿತ, ಭೇದಿ ಉಂಟಾಗಿ ರೋಗಿ ಮಲಗಿಬಿಡುವಂತಾಗುತ್ತದೆ. ಡಂಪಿಂಗ್ ಎಂದು ವೈದ್ಯರು ಕರೆಯುವ ಈ ಸ್ಥಿತಿಗೆ ಎರಡನೆಯ ರೂಪವೊಂದುಂಟು: ಉಂಡ ಒಂದರಿಂದ ಮೂರು ಗಂಟೆಗಳ ಮೇಲೆ, ಇನ್ಸುಲಿನ್ ಅಧಿಕವಾಗಿ ಸ್ರವಿಸಿದ್ದರ ಫಲವಾಗಿ, ರಕ್ತದ ಸಕ್ಕರೆ ಕುಸಿದು, ಕೈಕಾಲು ನಡುಗಿ ತಲೆ ಸುತ್ತುತ್ತದೆ. ಯುಗಾದಿಯ ಒಂದು ಇಡಿಯ ಹೋಳಿಗೆಯು ಇಷ್ಟನ್ನೆಲ್ಲ ಉಂಟುಮಾಡಬಲ್ಲುದು. ಇಂಥ ಅನುಭವವಾದವರನ್ನು ನಾಲಗೆಯ ಚಾಪಲ್ಯವೆಂದು ಹಂಗಿಸಬಾರದು. ಹಬ್ಬದ ದಿನ ಹೋಳಿಗೆಯ ಆಸೆ ಹುಟ್ಟುವುದು ಚಾಪಲ್ಯವಲ್ಲ, ಮನುಷ್ಯಸಹಜವಾದ ಧರ್ಮ.

ಈಗ ಹೇಳಹೊರಟಿರುವುದು ಈ ಬರಹದಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸಿರುವ ಸಂಗತಿ. ಕಡಿಮೆ ಉಣ್ಣುವ, ಉಂಡುದನ್ನೂ ಪೂರ್ತಿ ಹೀರಿಕೊಳ್ಳಲಾರದ ದೇಹಕ್ಕೆ ಜೀವಸತ್ವಗಳ ಮಾತ್ರೆ ಜೀವಮಾನಪರ್ಯಂತ ಬೇಕು. ಬಿ12ನ್ನು ಕರುಳು ಹೀರಿಕೊಳ್ಳಬೇಕಾದರೆ ಜಠರದಲ್ಲಿ ಸ್ರವಿಸುವ ಒಂದು ಸಹಾಯಕ ದ್ರವ್ಯ ಅವಶ್ಯ. ಕಬ್ಬಿಣವು ಮುಖ್ಯವಾಗಿ ಹೀರಲ್ಪಡುವುದು ಕರುಳಿನ ಮೊದಲ ಭಾಗದಲ್ಲಿ. ಇವೆರಡಕ್ಕೂ ಈಗ ಕುಂದುಂಟಾಗಿದೆ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡಿಯಾಗುವುದರಿಂದ ನಡುವೆ ಎರಡು ಗಂಟೆಯ ಅಂತರವಿರಬೇಕು. ಕಬ್ಬಿಣದ ಮಾತ್ರೆಯ ಮೇಲೆ ಕಾಫಿಯನ್ನೂ ಕುಡಿಯಬಾರದು. ಇವೆಲ್ಲಕ್ಕಿಂತ ಶೀಘ್ರವಾಗಿ ಅನರ್ಥವನ್ನು ತರತಕ್ಕದ್ದು ಬಿ1, ಅಂದರೆ ಥಯಾಮಿನ್. ಇದರ ಸಂಗ್ರಹ ದೇಹದಲ್ಲಿ ಕೆಲವೇ ವಾರಗಳಿಗೆ ಸಾಲುವಷ್ಟಿರುತ್ತದೆ. ಶಸ್ತ್ರಕ್ರಿಯೆಯಾದ ಮೇಲೆ ದಿನದಿನವೂ ವಾಂತಿಯಾಗುತ್ತಿದ್ದು, ಅದನ್ನು ಸಾಮಾನ್ಯವೆಂದು ಸಹಿಸಿಕೊಂಡಿರುವ ರೋಗಿಯಲ್ಲಿ ಈ ಸಂಗ್ರಹ ಬರಿದಾಗಿ, ಕಣ್ಣಿನ ಚಲನೆ ತಪ್ಪಿ ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತಡವರಿಸುವುದು, ಬುದ್ಧಿ ಮಂಕಾಗುವುದು ಮೊದಲಾದ ಲಕ್ಷಣಗಳಿಂದ ಮೆದುಳಿಗೇ ಶಾಶ್ವತವಾದ ಹಾನಿಯಾಗಬಹುದು. ವಾಂತಿಯಿಂದ ಬಳಲಿದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಗ್ಲೂಕೋಸ್ ಬಾಟಲಿ ಹಾಕಿಸುವುದು ನಮ್ಮ ಊರುಗಳ ರೂಢಿ; ಥಯಾಮಿನ್ ಕೊಡದೆ ಬರಿಯ ಗ್ಲೂಕೋಸನ್ನು ಏರಿಸಿದರೆ ಈ ಹಾನಿಯು ಇಳಿಯುವ ಬದಲು ತೀವ್ರವಾಗುವ ಸಂಭವವುಂಟು. ಆದುದರಿಂದ ಮನೆಯವರಲ್ಲಿ ನನ್ನ ಕಳಕಳಿಯ ಪ್ರಾರ್ಥನೆಯೇನೆಂದರೆ, ಯಾವ ವೈದ್ಯರ ಬಳಿಗೆ ಹೋದರೂ ಇಂಥ ಶಸ್ತ್ರಚಿಕಿತ್ಸೆಯಾಗಿದೆಯೆಂಬುದನ್ನು ಮೊದಲ ಮಾತಾಗಿ ತಿಳಿಸಿರಿ, ಎರಡು ಮೂರು ದಿನ ನಿಲ್ಲದ ವಾಂತಿಯನ್ನು ಅಜೀರ್ಣವೆಂದು ಕಷಾಯ ಕೊಟ್ಟು ಕಾಯಬೇಡಿರಿ. ಮೈಕೈನೋವಿಗೆಂದು ಔಷಧದಂಗಡಿಯಲ್ಲಿ ಕೇಳಿ ಪಡೆಯುವ ಇಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ಮಾತ್ರೆಗಳೂ ಇವರಿಗೆ ಸಲ್ಲವು. ಜೋಡಣೆಯಾದ ಸ್ಥಳದಲ್ಲಿ ಅವು ಹುಣ್ಣನ್ನು ಎಬ್ಬಿಸುತ್ತವೆ.

ದೇಹದ ಹಸಿವೆ ಅಡಗಿದಷ್ಟು ಸುಲಭವಾಗಿ ಮನಸ್ಸಿನ ಹಸಿವೆ ಅಡಗುವುದಿಲ್ಲ. ದುಃಖವಾದಾಗ, ಬೇಸರವಾದಾಗ, ಕೆಲಸದಿಂದ ದಣಿದು ಬಂದಾಗ ತಿಂಡಿಯಲ್ಲಿ ಸಮಾಧಾನ ಕಂಡುಕೊಳ್ಳುತ್ತಿದ್ದವರಿಗೆ ಆ ಬಾಗಿಲು ಏಕಾಏಕಿ ಮುಚ್ಚುತ್ತದೆ. ಒಗ್ಗರಣೆಯ ಪರಿಮಳ ಬಂದಾಗ ಕಣ್ಣಲ್ಲಿ ನೀರು ತಂದುಕೊಂಡವರುಂಟು. ಮೂರರಿಂದ ಆರನೆಯ ತಿಂಗಳೊಳಗೆ ಕೂದಲು ಉದುರತೊಡಗಿದಾಗ ಈ ಖಿನ್ನತೆ ಇಮ್ಮಡಿಸುತ್ತದೆ. ಪೋಷಣೆ ಸರಿಯಾಗಿದ್ದರೆ ಕೂದಲು ಮರಳಿ ಬರುತ್ತದೆಂದು ಅವರಿಗೆ ಧೈರ್ಯ ಹೇಳಬೇಕು. ಅಡುಗೆಮನೆಯ ಹೊಣೆ ಹೊತ್ತ ಗೃಹಿಣಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳಾದರೆ ಅವಳ ಪಾಡು ಇನ್ನೂ ಕಠಿಣ. ಎಲ್ಲರಿಗೂ ಬಡಿಸಿ, ಎಲ್ಲರದೂ ಆದ ಮೇಲೆ, ತಳದಲ್ಲಿ ಉಳಿದುದನ್ನು ವ್ಯರ್ಥವಾಗಬಾರದೆಂದು ಅವಸರದಲ್ಲಿ ಉಂಡು ಪಾತ್ರೆ ತೊಳೆಯಲು ಏಳುವ ಸ್ತ್ರೀಯರು ನಮ್ಮ ಮನೆಗಳಲ್ಲಿ ಇಂದಿಗೂ ಅಸಂಖ್ಯರು. ನಿಯತಕಾಲದಲ್ಲಿ, ಕುಳಿತು, ಅರ್ಧ ಗಂಟೆ ತೆಗೆದುಕೊಂಡು, ತನಗೆಂದೇ ಮಾಡಿದ ಆಹಾರವನ್ನು ಉಣ್ಣಬೇಕೆಂದು ವೈದ್ಯರು ಅವಳಿಗೆ ಹೇಳುವ ಮಾತು ಇಡೀ ಮನೆಯ ದಿನಚರಿಯನ್ನೇ ಬದಲಾಯಿಸಿಕೊಳ್ಳಿರೆಂದು ಹೇಳಿದಂತೆ. ಬದಲಾಯಿಸಿಕೊಳ್ಳಬೇಕಾದುದೂ ನ್ಯಾಯವೇ. ಗಂಡನೂ ಮಕ್ಕಳೂ ಆ ಅರ್ಧ ಗಂಟೆಯನ್ನು ಅವಳಿಗೆ ಬಿಟ್ಟುಕೊಡಲಾರದೆ ಹೋದರೆ ಲಕ್ಷಗಟ್ಟಲೆ ಖರ್ಚುಮಾಡಿದ ಚಿಕಿತ್ಸೆಯ ಪ್ರಯೋಜನ ಅಷ್ಟರಮಟ್ಟಿಗೆ ಕುಂದುತ್ತದೆ.

ಮದುವೆ ಮುಂಜಿಗಳ ಪಂಕ್ತಿಯಲ್ಲಿ ಇವರಿಗೆ ಒದಗುವ ಸಂಕಟ ಬೇರೆಯ ಬಗೆಯದು. ಬೇಡವೆಂದಷ್ಟೂ ಬಡಿಸುವುದು, ಎಲೆಯ ಮೇಲೆ ಅಡ್ಡಹಿಡಿದ ಕೈಯನ್ನು ಸರಿಸಿ ಒಂದು ಸವುಟು ಹೆಚ್ಚಾಗಿ ಹಾಕುವುದು, ನಮ್ಮಲ್ಲಿ ಆದರದ ಪರಾಕಾಷ್ಠೆಯೆಂದು ಪರಿಗಣಿತವಾಗಿದೆ. ಬರಗಾಲವನ್ನು ಕಂಡ ಸಮಾಜದಲ್ಲಿ ಹುಟ್ಟಿದ ಈ ಉಪಚಾರದ ಹಿಂದಿರುವ ಉದಾರತೆಯನ್ನು ನಾನು ಗೌರವಿಸುತ್ತೇನೆ. ಆದರೆ ಬೇಡವೆಂದವರು ಏಕೆ ಬೇಡವೆಂದರೆಂದು ನೂರು ಜನರೆದುರಿಗೆ ವಿವರಿಸಬೇಕಾಗಿ ಬಂದಾಗ, ಆ ಉಪಚಾರವು ಹಿಂಸೆಯಾಗಿ ಪರಿಣಮಿಸುತ್ತದೆ. ತಮ್ಮ ಚಿಕಿತ್ಸೆಯ ಸಂಗತಿಯನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದು ಸಂಪೂರ್ಣವಾಗಿ ಅವರಿಗೆ ಸೇರಿದ ವಿಚಾರ. ಒಮ್ಮೆ ಸಾಕೆಂದರೆ ಸಾಕೆಂದು ತಿಳಿದು ಬಡಿಸುವ ಕೈ ಮುಂದಿನ ಎಲೆಗೆ ಸಾಗಲಿ. ಇನ್ನೂ ಆದರ ತೋರಬೇಕೆನಿಸಿದರೆ, ಏನು ಕೊಡಲೆಂದು ಕೇಳಿ, ಅವರು ಹೇಳಿದ ಕೋಸಂಬರಿಯನ್ನೋ ಮಜ್ಜಿಗೆಯನ್ನೋ ಒಂದು ಪುಟ್ಟ ಬಟ್ಟಲಲ್ಲಿ ತಂದುಕೊಡಲಿ. ಮದ್ಯಪಾನದ ಕೂಟಗಳಲ್ಲಿ ಒತ್ತಾಯಿಸುವುದಂತೂ ಸರ್ವಥಾ ವರ್ಜ್ಯ. ಬೈಪಾಸ್ ಆದ ದೇಹದಲ್ಲಿ ಮದ್ಯವು ಅತಿಶೀಘ್ರವಾಗಿ ರಕ್ತಕ್ಕೇರುತ್ತದೆ, ಕೆಲವರಲ್ಲಿ ಊಟದ ಸ್ಥಾನವನ್ನು ಕುಡಿತವೇ ಆಕ್ರಮಿಸುವ ಅಪಾಯವೂ ಎರಡನೆಯ ವರ್ಷದಿಂದ ಹೆಚ್ಚುತ್ತದೆ.

ವರ್ಷ ಕಳೆಯುವ ಹೊತ್ತಿಗೆ ಹಸಿವೆ ಮೆಲ್ಲಮೆಲ್ಲನೆ ಮರಳುತ್ತದೆ, ಜಠರವೂ ಕೊಂಚ ಸಡಿಲವಾಗಿ ಮೊದಲಿಗಿಂತ ಹೆಚ್ಚು ಹಿಡಿಯತೊಡಗುತ್ತದೆ. ಇದು ಎಲ್ಲರಲ್ಲಿಯೂ ಆಗತಕ್ಕದ್ದೇ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾಗಿ ಶಸ್ತ್ರಚಿಕಿತ್ಸೆಯಾದ 2010 ಜನರನ್ನೂ ಆಗದ 2037 ಜನರನ್ನೂ ದೀರ್ಘಕಾಲ ಅನುಸರಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಬೈಪಾಸ್ ಆದವರು ಮೊದಲೆರಡು ವರ್ಷಗಳಲ್ಲಿ ಸರಾಸರಿ ಶೇಕಡಾ 32ರಷ್ಟು ತೂಕ ಇಳಿದಿದ್ದು, ಹತ್ತನೆಯ ವರ್ಷದಲ್ಲಿ ಆ ಇಳಿಕೆ ಶೇಕಡಾ 25ಕ್ಕೆ ಬಂದು ನಿಂತಿತ್ತು. ಕೊಂಚ ಮರಳಿ ಏರಿದ್ದರೂ ಶಸ್ತ್ರಚಿಕಿತ್ಸೆಯಾದವರ ಮರಣಪ್ರಮಾಣವು ಇತರರಿಗಿಂತ ಕಡಿಮೆಯೆಂದು 2007ರಲ್ಲಿ ಪ್ರಕಟವಾಯಿತು. ಹಾಗಿರುವಲ್ಲಿ, ಮೂರನೆಯ ವರ್ಷದಲ್ಲಿ ನಾಲ್ಕೈದು ಕಿಲೋ ಏರಿತೆಂದು ನಾಚಿ ಆಸ್ಪತ್ರೆಯ ಕಡೆಗೆ ತಲೆಹಾಕದೆ ಇರುವುದು, ಅದರೊಂದಿಗೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ಬಿ12, ಕಬ್ಬಿಣ, ವಿಟಮಿನ್ ಡಿಗಳ ರಕ್ತಪರೀಕ್ಷೆಯನ್ನೂ ತಪ್ಪಿಸಿಕೊಳ್ಳುವುದು, ಎಷ್ಟುಮಾತ್ರಕ್ಕೂ ತಕ್ಕುದಲ್ಲ. ಅಲ್ಲಿಗೆ ಹೋದರೆ ಪಥ್ಯತಜ್ಞರು ಮೊದಲು ವಿಚಾರಿಸುವುದು ಸರಳವಾದ ಸಂಗತಿಗಳನ್ನು: ಊಟದ ನಡುವೆ ನೀರು ಕುಡಿಯುವ ಅಭ್ಯಾಸ ಮರಳಿದೆಯೆ, ತೊವ್ವೆ ಪಲ್ಯಗಳಿಗಿಂತ ಮುಂಚೆ ಅನ್ನ ಎಲೆಗೆ ಬರುತ್ತಿದೆಯೆ, ಸಂಜೆಯ ಕಾಫಿಯೊಡನೆ ಬಿಸ್ಕತ್ತು ಸೇರಿಕೊಂಡಿದೆಯೆ, ಮಾತ್ರೆಗಳು ನಿಂತು ಎಷ್ಟು ಕಾಲವಾಯಿತು. ಬಹಳ ಜನರ ವಿಷಯದಲ್ಲಿ ಸರಿಪಡಿಸಬೇಕಾದುದು ಈ ಪ್ರಶ್ನೆಗಳ ಉತ್ತರದಲ್ಲಿಯೇ ಸಿಕ್ಕಿಬಿಡುತ್ತದೆ.